ಹೆಸರು ಅವರೇ ಹೇಳಬೇಕು

ಚೆನ್ನೈನ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳಿಗೆ ರಕ್ತ ಕೊಡುವ ಕ್ರಮ ಕಲಿಸುತ್ತಿದ್ದೆ. ಪಾಠ ಮುಗಿಸಿ, ಮಾಡಿ ತೋರಿಸಲು ವಾರ್ಡಿಗೆ ಹೋದೆವು. ರಕ್ತದ ಚೀಲ ಹಿಡಿದು, ಮಲಗಿದ್ದ ಅಜ್ಜಿಯನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ, "ನೀವು ಲಕ್ಷ್ಮಿ ತಾನೇ?" ಅಜ್ಜಿ ತಲೆಯಾಡಿಸಿದರು. ನಾನು ಟ್ಯೂಬಿಗೆ ಕೈ ಹಾಕಿದೆ.

ಸೆಲ್ವಿ ಎಂಬ ಹೊಸ ನರ್ಸ್ ನನ್ನ ಕೈ ಹಿಡಿದಳು. "ಇರಿ ಮೇಡಂ. ಹೆಸರು ಅವರೇ ಹೇಳಬೇಕು ಅಂತ ನೀವೇ ಹೇಳಿಕೊಟ್ರಿ." ಆಮೇಲೆ ಅಜ್ಜಿಯತ್ತ ಬಾಗಿ, "ಪಾಟ್ಟಿ, ಉಂಗ ಪೇರೆನ್ನ?" ಎಂದು ಹೆಸರು ಕೇಳಿದಳು.

"ರಾಜಲಕ್ಷ್ಮಿ."

ಅಜ್ಜಿಯ ಕೈಗೆ ಕಟ್ಟಿದ್ದ ಪಟ್ಟಿ ನೋಡಿದೆವು. ಚೀಲ ಪಕ್ಕದ ಹಾಸಿಗೆಯ ಲಕ್ಷ್ಮಿಯದು, ರಕ್ತದ ಗುಂಪೂ ಬೇರೆ. ಚೀಲವನ್ನು ಸೆಲ್ವಿಯೇ ತೆಗೆದುಕೊಂಡಳು.

ಈಗ ಪ್ರತಿ ತರಗತಿಯಲ್ಲೂ ಈ ಘಟನೆ ಹೇಳುತ್ತೇನೆ. ತಪ್ಪು ಮಾಡಿದ ಮಹಾರಾಯ್ತಿ ಯಾರೆಂದು ಕೇಳಿದರೆ ಮಾತ್ರ, ಕಾಫಿಗೆ ಹೊತ್ತಾಯಿತು ಎಂದುಬಿಡುತ್ತೇನೆ.