ದ್ರಾಕ್ಷಿ ತೋಟದಲ್ಲೊಂದು ನಿದ್ದೆ

ನಿಪ್ಪಾಣಿಯ ಗಂಡ-ಹೆಂಡತಿ ಇಬ್ಬರೇ ಮನೆಯಲ್ಲಿ ಹೊಲಿಯುವ ಹಗುರ ಟೆಂಟುಗಳನ್ನು ಕೊಂಡು, ಚಾರಣದ ಸಾಮಾನಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಹೊಸ ಬಟ್ಟೆಯಲ್ಲಿ ಅವರು ಹೊಲಿದ ಮೊದಲ ಟೆಂಟು ಗಾಳಿಗೆ ನಿಲ್ಲುತ್ತದೋ ಇಲ್ಲವೋ ನೋಡಲು, ಅಥಣಿ ಹತ್ತಿರ ಒಂದು ದ್ರಾಕ್ಷಿ ತೋಟದ ಬದಿಯಲ್ಲಿ ಅದನ್ನು ಕಟ್ಟಿದೆ.

ಕೇಳದೆ ಕಟ್ಟಿದ್ದಕ್ಕೆ ಬೈಯಲು ಬಂದ ತೋಟದ ಯಜಮಾನರು ಟೆಂಟಿಗೆ ಒಂದು ಸುತ್ತು ಹಾಕಿ ನೋಡಿ, "ಒಳಗ ಹೋಗಿ ನೋಡ್ಲೇನ್ರಿ?" ಎಂದರು. ಹೋದವರು ಹೊರಗೆ ಬರಲೇ ಇಲ್ಲ. ಕರೆದೆ, ಕೆಮ್ಮಿದೆ. ಒಳಗಿನಿಂದ ಗೊರಕೆ ಕೇಳಿಸಿತು.

ಸಂಜೆಯೊಳಗೆ ಬೆಳಗಾವಿಯ ಅಂಗಡಿಯಲ್ಲಿ ಟೆಂಟು ತೋರಿಸಬೇಕಿತ್ತು. ಅಂಗಡಿಯವರು ಒಪ್ಪಿದರೆ ಹೊಲಿಯುವವರಿಗೆ ವರ್ಷವಿಡೀ ಕೆಲಸ. ಎಬ್ಬಿಸಲು ಬಗ್ಗುವಷ್ಟರಲ್ಲಿ ಯಜಮಾನರ ಹೆಂಡತಿ ಓಡಿ ಬಂದರು.

"ಎಬ್ಬಿಸಬ್ಯಾಡ್ರಿ ಅಣ್ಣಾ! ಒಣಾಕ ಹಾಕಿದ ದ್ರಾಕ್ಷಿಗೆ ಮಳಿ ಬಿದ್ದೀತಂತ ಮೊನ್ನಿಂದ ಕಣ್ಣ ಮುಚ್ಚಿಲ್ರಿ. ಇವತ್ತ ಬಿಸಲ ಬಿದ್ದೈತಿ. ನೀವೂ ಕೂಡ್ರಿ, ಊಟಾ ಮಾಡ್ರಿ."

ಅಂಗಡಿಗೆ ಫೋನ್ ಮಾಡಿ, ನಾಳೆ ಬರುತ್ತೇನೆಂದೆ. ಜೋಳದ ರೊಟ್ಟಿ, ಝುಣಕ ತಿಂದೆ. ಗಾಳಿ ಜೋರಾಗಿಯೇ ಬೀಸಿತು. ಟೆಂಟೂ ಅಲುಗಲಿಲ್ಲ, ಯಜಮಾನರೂ ಅಲುಗಲಿಲ್ಲ. ಇಳಿಹೊತ್ತಿಗೆ ಎದ್ದವರು ನಾಚಿಕೊಂಡು, "ಮನ್ಯಾಗೂ ಇಂಥಾ ನಿದ್ದಿ ಹತ್ತಂಗಿಲ್ರಿ" ಎಂದರು.

ಮರುದಿನ ಅಂಗಡಿಯವರಿಗೆ ಆ ಮಾತನ್ನೇ ಹೇಳಿದೆ. ಅವರು ನಕ್ಕು, ಟೆಂಟು ಒಪ್ಪಿಕೊಂಡರು. ಇಷ್ಟು ಟೆಂಟು ಮಾರಿದರೂ ಒಂದರಲ್ಲಿ ಕಾಲು ಚಾಚಿ ಮಲಗುವ ಯೋಗ ಮಾತ್ರ ನನಗಿನ್ನೂ ಬಂದಿಲ್ಲ.