ಅಳತೆಗೆ ಸರಿಯಾದ ಕೋಟು

ಬೈಲಕುಪ್ಪೆಯ ಸ್ವೆಟರ್ ಅಂಗಡಿಯಲ್ಲಿ, ಏಪ್ರಿಲ್ ಸೆಕೆಯಲ್ಲಿ, ನನ್ನ ಐದು ವರ್ಷದ ಮಗಳು ದಪ್ಪ ಉಣ್ಣೆ ಕೋಟು ತೊಟ್ಟು ಬೆವರುತ್ತ ನಿಂತಿದ್ದಳು. ನಾನು ಎರಡು ವರ್ಷ ಓದಲೆಂದು ಕೆನಡಾಕ್ಕೆ ಹೊರಟಿದ್ದೇನೆ; ಗಂಡ, ಮಗಳು ಇಬ್ಬರೂ ಜೊತೆಗೆ ಬರುತ್ತಾರೆ. ಚಳಿಗೆ ಬಟ್ಟೆ ಕೊಡಿಸಲು ಅತ್ತೆಯೂ ಹುಣಸೂರಿನಿಂದ ಬಸ್ಸು ಹತ್ತಿ ಬಂದಿದ್ದರು.

ಅಂಗಡಿಯಾಕೆ ಟಿಬೆಟಿನವಳಾದರೂ ಹುಟ್ಟಿದ್ದು ಇಲ್ಲೇ. ಮಾತು ನಮ್ಮೂರಿನದೇ. "ಮಗು ಬೆಳೀತದೆ ಕಣಮ್ಮ, ಒಂದು ಸೈಜು ದೊಡ್ಡದು ತಗೊಳ್ಳಿ" ಎಂದಳು.

ಅತ್ತೆ ಒಪ್ಪುತ್ತಾರೆಂದೇ ಅಂದುಕೊಂಡೆ. ಮೊಮ್ಮಗಳಿಗೆ ಅವರು ಹೊಲಿಸಿದ ಒಂದು ಲಂಗವೂ ಆ ವರ್ಷಕ್ಕೆ ಸರಿಹೋದದ್ದಿಲ್ಲ. ಎಲ್ಲವೂ ಮುಂದಿನ ವರ್ಷಕ್ಕೇ.

"ಬ್ಯಾಡ ಕಣವ್ವ. ಅಳ್ತೆಗೆ ಸರಿಯಾಗಿರೋದೇ ಕೊಡು. ಅದು ಚಿಕ್ಕದಾಗೊ ಒತ್ಗೆ ಕೂಸು ಊರ್ಗೆ ಬಂದ್ಬುಡ್ಲಿ" ಎಂದರು ಅತ್ತೆ.

ನನ್ನ ಗಂಡ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತರು.

ಅಂಗಡಿಯಾಕೆ ಮಗಳ ಮೈಮೇಲಿದ್ದ ಕೋಟನ್ನೇ ಬಿಚ್ಚಿಸಿಕೊಂಡಳು. ಕೋಟು ಮಡಚುವಾಗ ತೋಳನ್ನು ಸ್ವಲ್ಪ ಹೊರಳಿಸಿ, ಒಳಗೆ ಮಡಿಸಿ ಹೊಲಿದಿದ್ದ ಬಟ್ಟೆಯನ್ನು ನನಗೊಬ್ಬಳಿಗೇ ಕಾಣುವಂತೆ ತೋರಿಸಿದಳು. ಹೊಲಿಗೆ ಬಿಚ್ಚಿದರೆ ತೋಳು ನಾಲ್ಕು ಬೆರಳು ಉದ್ದವಾಗುತ್ತದೆ. ನಾನು ಕಣ್ಣಲ್ಲೇ ಸರಿ ಎಂದೆ.

ಈಗ ವಾಪಸು ಬಸ್ಸಿನಲ್ಲಿದ್ದೇವೆ. ಕೋಟು ಅತ್ತೆಯ ತೊಡೆಯ ಮೇಲಿದೆ, ಅದರ ಮೇಲೆ ತಲೆಯಿಟ್ಟು ಮಗಳು ಮಲಗಿದ್ದಾಳೆ. ಪಿರಿಯಾಪಟ್ಟಣ ದಾಟಿದ ಮೇಲೆ ಅತ್ತೆ ಕಿಟಕಿಯಾಚೆ ನೋಡುತ್ತಲೇ ನನಗೆ ಹೇಳಿದರು:

"ಆ ತೋಳಿನ ಒಲಿಗೆ ಬಿಚ್ಚೋದಾದ್ರೆ ಬಿಚ್ಕೊ ಮಗ. ನಂಗ್ ಮಾತ್ರ ಏಳ್ಬ್ಯಾಡ."