ನಾನು ತುಂಬಿದ ತೋಟಾಗಳು

ಕಳೆದ ವಾರ ನಮ್ಮ ಕಟ್ಟಡದ ನೀರಿನ ಕೊಳವೆ ಒಡೆಯಿತು. ರಿಪೇರಿಗೆ ಬಂದ ಮುದುಕ ಅಂಗಳದಲ್ಲೇ ಒಲೆ ಹೂಡಿ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಸ್ತಾ ಪೇಠೆಯಲ್ಲಿ ಹತ್ತಾರು ಸಂಸಾರಗಳೊಡನೆ ನಾವಿದ್ದ ಹಳೆಯ ವಾಡೆಗೆ ಹೋಗಿಬಿಟ್ಟೆ. ಪಕ್ಕದ ಖೋಲಿಯ ಹವಾಲ್ದಾರ ಕಾಕಾ ಗುಂಡು ಎರಕ ಹೊಯ್ಯುತ್ತಿದ್ದಾಗ ಬರುತ್ತಿದ್ದ ವಾಸನೆಯೇ ಅದು...

ಅವರು ಬೆಳಗಾವಿ ಕಡೆಯವರು. ಪಲ್ಟನ್ನಿನಿಂದ ಪಿಂಚಣಿಯಾದ ಮೇಲೆ ಕ್ಯಾಂಪಿನ ಚಾಂದಮಾರಿ ಮೈದಾನದಲ್ಲಿ ಹೊಸಬರಿಗೆ ರಿವಾಲ್ವರ್ ಹೊಡೆಯಲು ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಗೋಕಾಕಕ್ಕೆ ಕೊಟ್ಟಿದ್ದರು. ಸುತ್ತಲೆಲ್ಲ ಮರಾಠಿಯವರೇ ಇದ್ದ ಆ ವಾಡೆಯಲ್ಲಿ ಅವರೊಡನೆ ಕನ್ನಡ ಮಾತಾಡಲು ಇದ್ದದ್ದು ನಮ್ಮ ಮನೆಯವರಷ್ಟೇ.

ಯುದ್ಧ ಶುರುವಾಗಿ ವಿಲಾಯತಿ ತೋಟಾಗಳು ಸಿಗದಾದವು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ತೋಟಾಗಳನ್ನು ಕಾಕಾ ಆರಿಸಿ ತಂದು ಮನೆಯಲ್ಲೇ ಮತ್ತೆ ಮದ್ದು ತುಂಬತೊಡಗಿದರು. ಲೈಸೆನ್ಸ್ ಇತ್ತು, ಆದರೆ ತೀರ ಹತ್ತಿರದ್ದು ಕಣ್ಣಿಗೆ ಮಂಜಾಗಿತ್ತು. ಆಗ ನನಗೆ ಇಪ್ಪತ್ತು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನನ್ನ ಕೈ ನಡುಗುವುದಿಲ್ಲವೆಂದು ಕಂಡುಕೊಂಡು, ಅಕ್ಕಸಾಲಿಗರ ತಕ್ಕಡಿಯಲ್ಲಿ ಮದ್ದು ತೂಗುವ ಕೆಲಸವನ್ನು ನನಗೆ ಒಪ್ಪಿಸಿದರು.

"ಮದ್ದು ಹೆಚ್ಚಾತಂದ್ರ ಕೈ ಮ್ಯಾಲೆ ಹಾರತದ, ತಿರುಗಿ ಗುರಿಗೆ ತರೂದ್ರಾಗ ವ್ಯಾಳ್ಯಾ ಹೋಗತದ. ಕಡಿಮಿ ಆತಂದ್ರ ಗುಂಡು ಕೆಳಗ ಬೀಳತದ. ನಡುವಿಂದು ಹುಡುಕಬೇಕವ್ವಾ," ಎನ್ನುತ್ತಿದ್ದರು. ಪ್ರತಿಯೊಂದು ಗುಂಡಿನ ಸದ್ದಿಗೂ ಕಿವಿಗೊಡಬೇಕು, ಸದ್ದು ಮೆತ್ತಗಾದರೆ ಅಲ್ಲೇ ನಿಲ್ಲಿಸಬೇಕು, ಗುಂಡು ನಳಿಗೆಯಲ್ಲೇ ಸಿಕ್ಕಿರುತ್ತದೆ, ಅದರ ಹಿಂದೆ ಇನ್ನೊಂದು ಹೊಡೆದರೆ ರಿವಾಲ್ವರೇ ಸಿಡಿಯುತ್ತದೆ ಎಂದು ಹೇಳಿಕೊಟ್ಟವರೂ ಅವರೇ.

ಅಂಥವರಿಗೇ ಕಿವಿ ಕೇಳದಾಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಊಹಿಸುತ್ತಿದ್ದರು. "ಯಾರ ಮುಂದೂ ಅನಬ್ಯಾಡ. ನೌಕರಿ ಹೋಗತದ," ಎಂದಿದ್ದರು. ನಾನು ಯಾರಿಗೂ ಹೇಳಲಿಲ್ಲ.

ವರ್ಷಕ್ಕೊಮ್ಮೆ ಚಾಂದಮಾರಿಯಲ್ಲಿ ಸ್ಪರ್ಧೆ ನಡೆಯುತ್ತಿತ್ತು. ಹತ್ತು ಸೆಕೆಂಡಿನಲ್ಲಿ ಆರು ಗುಂಡು. ಹಿಂದಿನ ವರ್ಷ ಕಾಕಾ ಹೊಡೆದದ್ದೆಲ್ಲ ನಟ್ಟನಡುವೆ ಬಿದ್ದಿತ್ತು, ಆದರೆ ವೇಳೆಯೊಳಗೆ ನಾಲ್ಕೇ ಗುಂಡು ಹಾರಿದ್ದವು. ಮುದುಕನ ಕೈ ನಿಧಾನವಾಯಿತು, ಹೊಸ ಸಾಹೇಬರು ಬೇರೆಯವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿಯಿತ್ತು. ಈ ಸಲ ವೇಳೆಯೊಳಗೆ ಮುಗಿಸಲೇಬೇಕಿತ್ತು.

ಸ್ಪರ್ಧೆಯ ಮುನ್ನಾದಿನ ಮಧ್ಯಾಹ್ನ ತುಂಬಲು ಕೂತೆ. ನನ್ನ ಕೈ ಅಚ್ಚುಕಟ್ಟೆಂದು ಕಾಕಾ ಯಾವಾಗಲೂ ಹೊಗಳುತ್ತಿದ್ದರು, ಚುರುಕೆಂದು ಮಾತ್ರ ಒಮ್ಮೆಯೂ ಅಂದಿರಲಿಲ್ಲ. ಅಂದು ನನಗೇನನ್ನಿಸಿತೋ... ಕೊನೆಯ ಹತ್ತೋ ಹನ್ನೆರಡೋ ತೋಟಾಗಳನ್ನು ತೂಗದೆ, ಬರೀ ಚಮಚದ ಅಂದಾಜಿನಲ್ಲಿ ತುಂಬಿದೆ.

"ಇಷ್ಟ ಲಗೂ ಆತು?" ಎಂದು ಕಾಕಾ ಹುಬ್ಬೇರಿಸಿದರು. ನಾನು ಹಿಗ್ಗಿಹೋದೆ.

ಮರುದಿನ ಬೆಳಿಗ್ಗೆ ಅಪ್ಪನೊಡನೆ ಚಾಂದಮಾರಿಗೆ ಹೋದೆ. ಅಪ್ಪ ಹೊರಗೆ ಯಾರೊಡನೆಯೋ ಮಾತಿಗೆ ನಿಂತರು. ನಾನು ಒಳಗೆ ಹೋಗಿ ಗಡಿಯಾರ ಹಿಡಿದವನ ಹಿಂದಿನ ಬೆಂಚಿನಲ್ಲಿ ಕೂತೆ. ಕಾಕಾ ಕೈ ಚಾಚಿ ಹೊಡೆಯತೊಡಗಿದರು. ಒಂದು, ಎರಡು, ಮೂರು. ನಾಲ್ಕನೆಯದು ಒದ್ದೆ ಪಟಾಕಿಯ ಹಾಗೆ ಟುಸ್ಸೆಂದಿತು.

"ಕಾಕಾ, ನಿಂದರ್ರಿ! ಹೊಡೀಬ್ಯಾಡ್ರಿ!" ಎಂದು ಎದ್ದು ಕಿರುಚಿದೆ.

ಹೊಸ್ತಿಲು ದಾಟಿದರೆ ಮರಾಠಿಯನ್ನೇ ಆಡುತ್ತಿದ್ದವಳು ನಾನು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಕನ್ನಡ. ಮರಾಠಿಯಲ್ಲಿ 'ಥಾಂಬಾ' ಎಂದು ನಿಲ್ಲಲು ಹೇಳಿದ್ದರೆ ಗಡಿಯಾರದವನಾದರೂ ತಡೆಯುತ್ತಿದ್ದನೇನೋ. ಅವನು ಈ ಹುಡುಗಿಗೆ ಏನಾಯಿತೆಂದು ನನ್ನತ್ತ ತಿರುಗಿ ನೋಡಿದ, ಅಷ್ಟೇ. ಅಲ್ಲಿ ನನ್ನ ಮಾತು ತಿಳಿಯುತ್ತಿದ್ದದ್ದು ಒಬ್ಬರಿಗೇ, ಅವರಿಗೆ ಅದು ಕೇಳಿಸಲಿಲ್ಲ. ಐದನೆಯ ಗುಂಡಿಗೆ ರಿವಾಲ್ವರ್ ಕೈಯಲ್ಲೇ ಸಿಡಿಯಿತು.

ಬಲಗೈಯ ಎರಡು ಬೆರಳು ಹೋದವು. ಸಾಹೇಬರು ವಿಚಾರಿಸಿದಾಗ, ತೋಟಾ ತುಂಬಿದ್ದು ತಾವೇ ಎಂದರಂತೆ ಕಾಕಾ. ಆಸ್ಪತ್ರೆಯಿಂದ ಬಂದ ದಿನ ನನ್ನ ಮುಂದೆ ಇಷ್ಟೇ ಹೇಳಿದರು: "ಕೈಗೆ ಗೊತ್ತಾಗಿತ್ತವ್ವಾ, ಏನೋ ಕಡಿಮಿ ಆಗೇದ ಅಂತ. ಖರೆ ವ್ಯಾಳ್ಯಾ ಹೊಂಟಿತ್ತು..."

ಅವರು ಬಾಗಿಲ ಕಡೆ ನೋಡುತ್ತ ಮಲಗಿದ್ದರು. "ಕಾಕಾ, ತಪ್ಪು ನಂದರಿ. ತೂಗಲಾರದ ತುಂಬಿದ್ದೆ," ಎಂದೆ. ಕೇಳಿಸಲಿಲ್ಲ. ಕೇಳಿಸುವಂತೆ ಕೂಗಿದ್ದರೆ ಇಡೀ ವಾಡೆಗೆ ಗೊತ್ತಾಗುತ್ತಿತ್ತು. ಏನೋ ಅನುಮಾನವಾಗಿ ಅವರು ನನ್ನತ್ತ ಮುಖ ತಿರುಗಿಸಿದರು.

"ಏನಂದಿ?"

ಅವರ ಕಣ್ಣು ನನ್ನ ತುಟಿಯ ಮೇಲಿತ್ತು. "ಚಹಾ ಮಾಡಲೇನ್ರಿ ಅಂದೆ."

"ಮಾಡವ್ವಾ," ಎಂದರು.

ತಿಂಗಳೊಳಗೆ ನೌಕರಿ ಹೋಯಿತು. ಮಗಳು ಬಂದು ಗೋಕಾಕಕ್ಕೆ ಕರೆದುಕೊಂಡು ಹೋದಳು. ಮುಂದಿನ ವರ್ಷ ಅಪ್ಪನ ಹೆಸರಿಗೆ ಅವಳ ಕಾರ್ಡು ಬಂತು. ಕಾಕಾ ತೀರಿಕೊಂಡಿದ್ದರು. ನಿಮ್ಮ ಮಗಳ ಕೈ ಭಾಳ ಚೊಕ್ಕ ಎಂದು ಕೊನೆಯವರೆಗೂ ನೆನೆಯುತ್ತಿದ್ದರು ಎಂದೂ ಬರೆದಿದ್ದಳು. ಅಪ್ಪ ಅದನ್ನು ಗಟ್ಟಿಯಾಗಿ ಓದಿ ನನ್ನ ಮುಖ ನೋಡಿ ನಕ್ಕರು.

ನಾನು ಅಪ್ಪನಿಗೂ ಹೇಳಲಿಲ್ಲ, ಆಮೇಲೆ ಗಂಡನಿಗೂ ಹೇಳಲಿಲ್ಲ. ಈಗ ಅವರ್ಯಾರೂ ಇಲ್ಲ, ಕಾಕಾನ ಮಗಳೂ ಇಲ್ಲ. ನನ್ನನ್ನು ಬಯ್ಯಬೇಕಾದವರು ಯಾರೂ ಉಳಿಯದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.